ಮೈಲ್ 104

ಹೊಳೆಗಿರುವ ಮರ್ಯಾದೆ ಕಾಲುವೆಗಿಲ್ಲ. ಹೊಳೆ ಹುಟ್ಟಿದಲ್ಲಿ ಒಂದು ಗುಡಿ, ಇನ್ನೊಂದು ಹೊಳೆ ಬಂದು ಕೂಡಿದಲ್ಲಿ ಒಂದು ಗುಡಿ, ಸುಮ್ಮನೆ ತಿರುವು ತೆಗೆದುಕೊಂಡಲ್ಲೂ ಒಂದು ಮಠ. ಕಾಲುವೆಗೆ ಏನಿದೆ? ಮೈಲಿಗೊಂದು ಕಲ್ಲು, ಆ ಕಲ್ಲಿನ ಮೇಲೆ ಬೋರ್‌ವೆಲ್ ಕೊರೆಯುವವರ ಫೋನ್ ನಂಬರು. ಹೊಳೆಯಲ್ಲಿ ಮುಳುಗಿ ಎದ್ದರೆ ಪುಣ್ಯ; ಕಾಲುವೆಗೆ ಇಳಿದರೆ ‘ಈಜುವುದನ್ನು ನಿಷೇಧಿಸಿದೆ’ ಎಂಬ ಫಲಕ. ಹೆಣ್ಣುಮಕ್ಕಳಿಗೆ ತುಂಗಾ, ಭದ್ರಾ, ಕಾವೇರಿ ಎಂದೆಲ್ಲ ಹೆಸರಿಡುತ್ತಾರೆ. ಉಪಕಾಲುವೆ 76 ಎಂದು ಯಾರೂ ಮಗಳಿಗೆ ಹೆಸರಿಟ್ಟಿಲ್ಲ. ಆದರೆ ನಮ್ಮ ಕಡೆ ಆ ಮಗಳ ಮದುವೆ ಕೂಡಿಬರುವುದೋ ಬಿಡುವುದೋ ತೀರ್ಮಾನವಾಗುವುದು ಮಾತ್ರ ಉಪಕಾಲುವೆಯ ನಂಬರಿನ ಮೇಲೆ.

ನಮ್ಮ ಕಡೆ ಎಂದರೆ ತುಂಗಭದ್ರಾ ಎಡದಂಡೆ. ಹೊಳೆಯ ದಂಡೆಯಲ್ಲ, ಎಡದಂಡೆ ಮುಖ್ಯ ಕಾಲುವೆ. ಮುನಿರಾಬಾದಿನಲ್ಲಿ ಜಲಾಶಯ ಬಿಟ್ಟು ಹೊರಟದ್ದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಎಂದು ಸುತ್ತು ಹಾಕುತ್ತ ರಾಯಚೂರಿನ ದಿಕ್ಕಿಗೆ 227 ಕಿಲೋಮೀಟರ್ ಹೋಗುತ್ತದೆ. ದೇಶವೆಲ್ಲ ಕಿಲೋಮೀಟರಿಗೆ ಬಂದು ಎಷ್ಟೋ ದಶಕಗಳಾದವು. ಕಾಲುವೆ ಇನ್ನೂ ಮೈಲಿನಲ್ಲೇ ಇದೆ. ಒಟ್ಟು 141 ಮೈಲು. ಬೀಗರು ಹುಡುಗನ ಮನೆ ನೋಡಲು ಬಂದರೆ ಮೊದಲು ಹೊಲ ಎಷ್ಟು ಎಕರೆ ಎಂದು ಕೇಳುತ್ತಾರೆ. ಹನ್ನೆರಡು ಎಂದರೆ ಮುಖ ಅರಳುತ್ತದೆ. ಎಷ್ಟನೇ ಮೈಲು ಎಂಬುದು ಎರಡನೆಯ ಪ್ರಶ್ನೆ. ನೂರು ದಾಟಿದ ಮೈಲು ಹೇಳಿದರೋ, ಚಹಾ ಕುಡಿದು ‘ಮನ್ಯಾಗ ಕೇಳಿ ತಿಳಿಸ್ತೀವ್ರಿ’ ಎಂದು ಏಳುತ್ತಾರೆ. ಮೇಲ್ಭಾಗದ ನಾಲ್ಕು ಎಕರೆಗೆ ಕೊನೆಭಾಗದ ಹನ್ನೆರಡು ಎಕರೆ ಸಮವಲ್ಲ ಎಂಬ ಲೆಕ್ಕ ಇಲ್ಲಿ ಎಮ್ಮೆ ಕಾಯುವ ಹುಡುಗನಿಗೂ ಗೊತ್ತು.

ನಮ್ಮೂರು ಕಾರಟಗಿ ಕಡೆ, ಅಂದರೆ ಮೇಲ್ಭಾಗ. ನಮ್ಮ ಸೋದರಮಾವನದು ಮೈಲ್ 104ರ ಕೆಳಗೆ. ಈ 104 ಎಂಬುದು ರಾಯಚೂರು ಜಿಲ್ಲೆಯ ರೈತರಿಗೆ ಬರಿ ಅಂಕಿಯಲ್ಲ. ಅಲ್ಲಿ ನೀರಿನ ಗೇಜು ಎಷ್ಟಿದೆ ಎಂಬುದರ ಮೇಲೆ ಕೆಳಗಿನವರ ನಾಟಿ, ಸಾಲ, ಸಿಟ್ಟು ಎಲ್ಲ ನಿಂತಿದೆ. ಗೇಜು ಇಳಿದರೆ ರಸ್ತೆ ತಡೆ, ಇನ್ನೂ ಇಳಿದರೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ. ಬೇರೆ ಮಂದಿ ಬೆಳಿಗ್ಗೆ ಪೇಪರಿನಲ್ಲಿ ಚಿನ್ನದ ದರ ನೋಡುತ್ತಾರೆ. ನಮ್ಮ ಮಾಮ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ನೋಡಿಯೇ ಹಲ್ಲುಜ್ಜುವುದು. ಆಮೇಲೆ ನನಗೆ ಫೋನು.

‘ಏನಪಾ ಅಳಿಯ, ನಿಮ್ಮಲ್ಲಿ ನಾಟಿ ಮುಗೀತೇನು?’

‘ಮುಗೀತು ಮಾಮ.’

‘ಹಂಗಾರ ನೀರು ಕೆಳಗ ಬಿಡ್ರಲ. ನಾವೂ ನಿಮ್ಮ ಮಂದಿನ ಅದೀವಿ.’

ಜಲಾಶಯದ ಗೇಟು ನನ್ನ ಕೈಯಲ್ಲಿದೆ ಎಂಬಂತೆ ಅವರ ಮಾತು. ಮೇಲ್ಭಾಗದಲ್ಲಿ ಹುಟ್ಟಿದವನು ಎಷ್ಟೇ ಸಭ್ಯನಾದರೂ ಕೊನೆಭಾಗದ ನೆಂಟರ ಕಣ್ಣಲ್ಲಿ ನೀರುಗಳ್ಳನೇ.

ತಪ್ಪು ಯಾರದು ಎಂದು ಹುಡುಕಿದರೆ ಕಾಗದಪತ್ರಗಳವರೆಗೆ ಹೋಗಬೇಕು. ಈ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ. ಸ್ವಲ್ಪ ನೀರು, ಬಹಳ ಭೂಮಿ, ಬರಗಾಲದ ನಾಡಿಗೆಲ್ಲ ಒಂದೊಂದು ಗುಟುಕು ಎಂಬ ಲೆಕ್ಕ. ಕಾಲುವೆ ಬಂತು, ಅದರ ಹಿಂದೆಯೇ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದರು. ಭೂಮಿ ಕೊಂಡರು, ಕ್ಯಾಂಪ್ ಕಟ್ಟಿಕೊಂಡರು, ಎರೆಹೊಲಕ್ಕೆ ಬದು ಹಾಕಿ ನೀರು ನಿಲ್ಲಿಸಿ ಭತ್ತ ನಾಟಿ ಮಾಡಿದರು. ನಮ್ಮವರು ಮೊದಲು ನಕ್ಕರು, ಆಮೇಲೆ ನೋಡಿದರು, ಕೊನೆಗೆ ತಾವೂ ಧೋತರ ಮೇಲೆ ಕಟ್ಟಿ ಕೆಸರಿಗಿಳಿದರು. ಇವತ್ತಿಗೆ ಗಂಗಾವತಿ ಭತ್ತದ ಕಣಜ. ಬೆಂಗಳೂರಿನ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲದ ಮೇಲೆ ನಮ್ಮ ಊರುಗಳ ಹೆಸರು. ಇಲಾಖೆಯ ಕಡತದಲ್ಲಿ ಇದಕ್ಕೆ ‘ಬೆಳೆ ಪದ್ಧತಿಯ ಉಲ್ಲಂಘನೆ’ ಎನ್ನುತ್ತಾರೆ. ಕಡತದಲ್ಲಿ ಜೋಳ, ಹೊಲದಲ್ಲಿ ಭತ್ತ. ಮಜಾ ಏನೆಂದರೆ ನಮಗೆ ರೊಟ್ಟಿ ಇಲ್ಲದೆ ಊಟ ಇಳಿಯುವುದಿಲ್ಲ. ಜೋಳ ಬೆಳೆಯಬೇಕಾದ ನೆಲದಲ್ಲಿ ಭತ್ತ ಬೆಳೆದು, ಅದನ್ನು ಮಾರಿ, ಆ ದುಡ್ಡಿನಲ್ಲಿ ಸಂತೆಯಿಂದ ಜೋಳ ತಂದು ರೊಟ್ಟಿ ಬಡಿಸಿಕೊಳ್ಳುವ ಮಂದಿ ನಾವು.

ಭತ್ತ ಕುಡಿಯುವ ನೀರು ಮೇಲೆಯೇ ನಿಂತಿತು. ಕೊನೆಭಾಗಕ್ಕೆ ನೀರಿನ ಸುದ್ದಿ ಮಾತ್ರ ಹರಿಯಿತು.

ಕಾಲುವೆಗೆ ನೀರು ಬರುವುದನ್ನು ಹತ್ತಿರದಿಂದ ನೋಡಬೇಕು. ಉಪಕಾಲುವೆಯ ತೂಬಿನ ಮೇಲೆ ನೀರು ಬಿಡುವ ಲಸ್ಕರ್ ನಿಂತಿರುತ್ತಾನೆ. ಗೇಟಿನ ಸ್ಕ್ರೂ ರಾಡಿಗೆ ಬಳಿದ ಗ್ರೀಸಿಗೆ ವರ್ಷದ ಧೂಳು ಅಂಟಿ ಕರಿ ಹೂರಣವಾಗಿರುತ್ತದೆ. ಕಬ್ಬಿಣದ ಹಿಡಿಕೆ ಸಿಕ್ಕಿಸಿ ಹತ್ತಾರು ಸುತ್ತು ತಿರುಗಿಸಿದ ಮೇಲೆ ಗೇಟು ನಾಲ್ಕು ಬೆರಳು ಮೇಲೇಳುತ್ತದೆ. ಕೆಳಗೆ ಗುಳುಗುಳು ಶುರು. ನೀರು ತಾನೇ ಮುಂದೆ ಬರುವುದಿಲ್ಲ. ಮೊದಲು ಒಂಟಿ ಚಪ್ಪಲಿ, ಬಾಟಲಿ, ಒಣಗಿದ ಚೆಂಡುಹೂವಿನ ಹಾರ, ಥರ್ಮೋಕೋಲಿನ ತಟ್ಟೆ. ಅವುಗಳ ಹಿಂದೆ ಕೆಂಪು ನೊರೆ. ಅದರ ಹಿಂದೆ ನೀರು. ತಳದ ಬಿರುಕಿನಲ್ಲಿ ಬೇಸಿಗೆ ಕಳೆದ ಏಡಿಯೊಂದು ಗಡಬಡಿಸಿ ಹೊರಬಿದ್ದು ಓಡುತ್ತದೆ. ಬದುವಿನ ಮೇಲೆ ಕೂತ ಮುದುಕರು ಏಳುವುದಿಲ್ಲ. ‘ಬಂದಾವ’ ಎಂದಷ್ಟೇ ಹೇಳಿ ಬೀಡಿ ಹಚ್ಚುತ್ತಾರೆ. ಲಸ್ಕರ್ ಗೇಜಿನ ಪಟ್ಟಿ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಸೈಕಲ್ ಹತ್ತುತ್ತಾನೆ. ಅವನ ಬೆನ್ನು ಮರೆಯಾಗುತ್ತಿದ್ದಂತೆ ಬದುವಿನ ಮೇಲಿನ ಮುದುಕರಲ್ಲಿ ಒಬ್ಬರು ಏಳುತ್ತಾರೆ. ಯಾಕೆ ಎಂದು ನಾನು ಬರೆಯುವುದಿಲ್ಲ.

ನೀರು ಕಡಿಮೆಯಾದ ವರ್ಷ ಕಾಲುವೆಯ ದಂಡೆಗುಂಟ 144ನೇ ಸೆಕ್ಷನ್ ಹಾಕುತ್ತಿದ್ದರು. ಐದು ಜನ ಸೇರಬಾರದು. ಕಾಲುವೆಗೆ ಕಳ್ಳ ಪೈಪು ಹಾಕುವುದಕ್ಕೆ ಇಬ್ಬರು ಸಾಕು ಎಂಬುದು ಕಾನೂನು ಬರೆದವರಿಗೆ ತಿಳಿದಿರಲಿಕ್ಕಿಲ್ಲ.

ಈ ಜಗಳದ ಮೂಲಕ್ಕೆ ಹೋಗೋಣವೆಂದರೆ ನೀರಿಗೆ ಎದುರು ನಡೆಯಬೇಕು. ಮೇಲೆ ಪಂಪಾಸಾಗರವಿದೆ, ಅಂದರೆ ತುಂಗಭದ್ರಾ ಜಲಾಶಯ. 1945ರ ಫೆಬ್ರವರಿಯಲ್ಲಿ ಇದಕ್ಕೆ ಶಂಕುಸ್ಥಾಪನೆಯಾಯಿತು, ಅದೂ ಎರಡೆರಡು. ಹೊಳೆಯ ಎಡಕ್ಕೆ ಹೈದರಾಬಾದ್ ನಿಜಾಮರ ರಾಜ್ಯ, ಬಲಕ್ಕೆ ಮದ್ರಾಸ್ ಪ್ರಾಂತ. ಒಂದು ದಂಡೆಯಲ್ಲಿ ಬೀರಾರಿನ ರಾಜಕುಮಾರ, ಇನ್ನೊಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಕಟ್ಟಿ ಮುಗಿಯುವಷ್ಟರಲ್ಲಿ ಗವರ್ನರನ ಸಾಮ್ರಾಜ್ಯವೂ ಹೋಗಿತ್ತು, ರಾಜಕುಮಾರನ ರಾಜ್ಯವೂ ಹೋಗಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಮೂರು ವರ್ಷಕ್ಕೆ ಕರ್ನಾಟಕದ ಏಕೀಕರಣ, ಎರಡೂ ದಂಡೆ ನಮ್ಮದೇ ಆಯಿತು. ನೀರು ಮಾತ್ರ ಪಾಲಿನದ್ದಾಗಿಯೇ ಉಳಿಯಿತು. ಮದ್ರಾಸ್ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್. ಆ ವೈಷ್ಣವ ಹೆಸರಿಗೆ ಒಪ್ಪುವಂತೆ ಹೊಸಪೇಟೆ ಬದಿಯ ಗುಡ್ಡದ ಮೇಲಿನ ಅತಿಥಿಗೃಹದ ಹೆಸರು ವೈಕುಂಠ. ಅಲ್ಲಿ ನಿಂತು ನೋಡಿದರೆ ಕಣ್ಣು ಮುಟ್ಟುವವರೆಗೂ ನೀರು. ವೈಕುಂಠದಲ್ಲಿ ಕೂತವರಿಗೆ ಮೈಲ್ 104 ಕಾಣುವುದಿಲ್ಲ ಎಂಬುದು ನಮ್ಮ ಮಾಮನ ಆರೋಪ. ಅದು ಭೌಗೋಳಿಕವಾಗಿಯೂ ನಿಜ.

ಆ ನೀರಿನ ಅಡಿಯಲ್ಲಿ ತೊಂಬತ್ತರಷ್ಟು ಹಳ್ಳಿಗಳಿವೆ. ನಾರಾಯಣದೇವರಕೆರೆ ಎಂಬ ದೊಡ್ಡ ಊರೇ ಮುಳುಗಿತು. ಅಲ್ಲಿಯ ಮಂದಿ ಮರಿಯಮ್ಮನಹಳ್ಳಿಗೆ ಬಂದು ನೆಲೆನಿಂತರು. ನಮ್ಮ ಭತ್ತದ ಲೆಕ್ಕ ಬರೆಯುವಾಗ ಈ ಸಾಲನ್ನೂ ಬರೆಯಬೇಕು, ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಕಟ್ಟಿದಾಗ ಜಲಾಶಯದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಪೇಪರಿನಲ್ಲಿ ದಿನವೂ ಅಚ್ಚಾಗುವ ಸಾಮರ್ಥ್ಯ 105.788 ಟಿಎಂಸಿ. ನಡುವಿನದ್ದು ಹೂಳು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಹಗಲು ಒಂದು ರಾತ್ರಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಮಾಮ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ. ಒಳಹರಿವು ಇಷ್ಟಿದ್ದರೆ ಎಷ್ಟು ದಿನಕ್ಕೆ ತುಂಬೀತು, ಎರಡನೇ ಬೆಳೆಗೆ ಎಷ್ಟು ಉಳಿದೀತು, ಎಲ್ಲ ಬೆರಳ ತುದಿಯಲ್ಲಿ. ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿಯ ಸಭೆ ಮುಗಿಯುವ ಮೊದಲೇ ಅವರ ತೀರ್ಮಾನ ಹೊರಬಿದ್ದಿರುತ್ತದೆ. ಎರಡೂ ತಾಳೆಯಾಗುವುದು ಅಪರೂಪ.

ಪಾಲಿನ ವಿಷಯಕ್ಕೆ ಬಂದರೆ, ಬಚಾವತ್ ನ್ಯಾಯಮಂಡಳಿ ಈ ಜಲಾಶಯಕ್ಕೆ ಲೆಕ್ಕ ಹಾಕಿಕೊಟ್ಟದ್ದು 230 ಟಿಎಂಸಿ. ಅದರಲ್ಲಿ ಕರ್ನಾಟಕಕ್ಕಿಷ್ಟು, ಆಂಧ್ರಕ್ಕಿಷ್ಟು ಎಂದು ಹಂಚಿ, 18 ಟಿಎಂಸಿಯನ್ನು ಆವಿಯ ಬಾಬ್ತು ಎಂದು ತೆಗೆದಿಟ್ಟಿತು. ಅಂದರೆ ಸೂರ್ಯನೂ ಒಬ್ಬ ಪಾಲುದಾರ. ಬಳ್ಳಾರಿ, ಕೊಪ್ಪಳದ ಬಿಸಿಲು ಕಂಡವರು ಯಾರೂ ಈ ಪಾಲನ್ನು ಪ್ರಶ್ನಿಸಲಾರರು. ಪಾಲುದಾರರ ಪೈಕಿ ಮಳೆ ಬಂದರೂ ಬರದಿದ್ದರೂ ತನ್ನದನ್ನು ಚಾಚೂ ತಪ್ಪದೆ ಒಯ್ಯುವವನು, ಇಂದಿನವರೆಗೂ ಕೋರ್ಟಿಗೆ ಹೋಗದವನು ಅವನೊಬ್ಬನೇ.

ಇನ್ನೂ ಮೇಲೆ ಹೋದರೆ ಮಲೆನಾಡು. ಅಲ್ಲಿಯವರ ತುಂಗಭದ್ರೆಯೇ ಬೇರೆ. ಕುದುರೆಮುಖದ ಕಡೆ ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಒಂದೇ ತವರಿನ ಮೂವರಲ್ಲಿ ಇಬ್ಬರನ್ನು ಪೂರ್ವಕ್ಕೆ, ದೂರದ ಬಿಸಿಲು ಸೀಮೆಗೆ ಕೊಟ್ಟರು. ನೇತ್ರಾವತಿಯನ್ನು ಮಾತ್ರ ಹತ್ತಿರದಲ್ಲೇ, ಮಂಗಳೂರಿನ ಸಮುದ್ರಕ್ಕೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಎಂದು ಮಡಿಯಲ್ಲಿ ಹೋಗುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರಿನ ಕಾಫಿ ತೋಟ ಹಾಯ್ದು ಲಕ್ಕವಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ನೋಡಿಕೊಂಡು ಕೂಡ್ಲಿಗೆ ಬಂದು ಅಕ್ಕನನ್ನು ಸೇರುತ್ತಾಳೆ. ಗಂಗೆಯ ಸ್ನಾನ, ತುಂಗೆಯ ಪಾನ ಎಂಬ ಗಾದೆ ಮಲೆನಾಡಿನವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕುಡಿಯಲಿ, ಬೇಡ ಎನ್ನುವವರು ಯಾರು. ಶೃಂಗೇರಿಯ ಮೀನುಗಳಿಗೆ ಭಕ್ತರು ಮಂಡಕ್ಕಿ ಹಾಕುತ್ತಾರೆ. ಅದೇ ನೀರಿನ ಮೀನು ಕಂಪ್ಲಿಗೆ ಬಂದರೆ ಮಂದಿಯೇ ಅದನ್ನು ಮಸಾಲೆ ಹಚ್ಚಿ ತಿನ್ನುತ್ತಾರೆ. ಒಂದೇ ಹೊಳೆಯಲ್ಲಿ ಹುಟ್ಟಿದರೂ ಮೀನಿಗೂ ಮೈಲು ಮುಖ್ಯ.

ಹರಿಹರದಲ್ಲಿ ಅರ್ಧ ಹರಿ, ಅರ್ಧ ಹರ ಆದ ದೇವರು. ಗಳಗನಾಥದಲ್ಲಿ ವರದೆಯ ಸಂಗಮ. ಮೈಲಾರದಲ್ಲಿ ಗೊರವಯ್ಯನ ಕಾರಣಿಕ. ಬಿಲ್ಲನ್ನೇರಿ ಗೊರವಯ್ಯ ನುಡಿಯುವುದು ಒಂದೇ ಸಾಲು. ಅದಕ್ಕೆ ರಾಜಕಾರಣಿಗಳು ಒಂದು ಅರ್ಥ ಹೇಳುತ್ತಾರೆ, ರೈತರು ಒಂದು. ಜಲಾಶಯ ತುಂಬುತ್ತದೋ ಇಲ್ಲವೋ ಎಂಬುದನ್ನು ಆ ಸಾಲಿನಿಂದ ಹಿಂಡಿ ತೆಗೆಯುವವರಲ್ಲಿ ನಮ್ಮ ಮಾಮನೂ ಒಬ್ಬರು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಓದುತ್ತಾರೆ, ಕಾರಣಿಕವನ್ನೂ ಕೇಳುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು ಹೇಳುತ್ತದೋ ಅದನ್ನು ನಂಬುತ್ತಾರೆ.

ಜಲಾಶಯದ ಕೆಳಗೆ ಹೊಳೆ ಬಂಡೆಗಳ ನಡುವೆ ನುಸುಳಿ ಹಂಪಿ, ಆನೆಗೊಂದಿ ನೋಡುತ್ತದೆ. ಅಲ್ಲಿ ದಾಟಲು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪೇಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೆಟ್ಟಗೆ ಹೋಗದು, ಸದಾ ಸುತ್ತುತ್ತಲೇ ಇರುತ್ತದೆ. ಐನೂರು ವರ್ಷದಲ್ಲಿ ಬದಲಾದದ್ದು ಚರ್ಮದ ಜಾಗಕ್ಕೆ ಬಂದ ಪ್ಲಾಸ್ಟಿಕ್ ಹಾಳೆ, ಡಾಂಬರು ಮಾತ್ರ. ಸುತ್ತುವುದು ಹಾಗೇ ಇದೆ. ಈಗಿನ ಅಂಬಿಗರು ಪ್ರವಾಸಿಗರಿಗಾಗಿ ಬೇಕೆಂದೇ ನಾಲ್ಕು ಸುತ್ತು ಜಾಸ್ತಿ ತಿರುಗಿಸುತ್ತಾರೆ.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಬಲೆ ಹರಿಯುತ್ತವೆ ಎಂದು ಮೀನುಗಾರರಿಗೆ ಅವುಗಳ ಮೇಲೆ ಕೋಪ. ನಮಗಂತೂ ಅಸೂಯೆ. ನೀರಿಗಾಗಿ ಅರ್ಜಿ ಹಾಕದೆ, ಸಭೆಗೆ ಹೋಗದೆ ಹೊಳೆಯ ಪಾಲು ಪಡೆದ ಪ್ರಾಣಿ ಅದು.

ಹಂಪಿಯಲ್ಲಿ ನನಗೆ ಇಷ್ಟದ ಜಾಗ ಬಡವಿಲಿಂಗ. ಉಗ್ರ ನರಸಿಂಹನ ಪಕ್ಕದ ಸಣ್ಣ ಗುಡಿ; ಏಕಶಿಲೆಯ ದೊಡ್ಡ ಲಿಂಗ, ಅದರ ಬುಡ ಸದಾ ನೀರಿನಲ್ಲಿ. ಆ ನೀರು ಹೊಳೆಯದ್ದು ಹೌದು, ಆದರೆ ಬಂದದ್ದು ಕಾಲುವೆಯ ದಾರಿಯಿಂದ. ಶಿವ ಯಾವ ಮೈಲು ಎಂದು ಕೇಳದೆ ನಿಂತಿದ್ದಾನೆ. ವಿಜಯನಗರದವರು ಹೊಳೆಗೆ ಅಲ್ಲಲ್ಲಿ ಒಡ್ಡು ಹಾಕಿದರು, ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ. ಹೊಳೆಯನ್ನು ಪೂರ್ತಿ ನಿಲ್ಲಿಸಲಿಲ್ಲ, ಸ್ವಲ್ಪ ಬಗ್ಗಿಸಿದರು. ಬಗ್ಗಿದ ನೀರನ್ನು ತುರ್ತಾ ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ ಎಂದು ಹೊಲಗಳಿಗೆ ನಡೆಸಿದರು. 1565ರಲ್ಲಿ ಸಾಮ್ರಾಜ್ಯ ಹೋಯಿತು. ಅರಮನೆಗಳ ಪಾಯ ಮಾತ್ರ ಉಳಿಯಿತು. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು, ಇವತ್ತಿಗೂ ಹರಿಯುತ್ತದೆ, ಬಾಳೆ ಮತ್ತು ಕಬ್ಬಿಗೆ. ರಾಯ, ಬಸವಣ್ಣ ಕಾಲುವೆಗಳ ಹಳೆಯ ಒಡ್ಡು ಹೊಸ ಜಲಾಶಯದಲ್ಲಿ ಮುಳುಗಿದ್ದರಿಂದ ಅವಕ್ಕೆ ಈಗ ಅಣೆಕಟ್ಟಿನಿಂದಲೇ ನೀರು. ರಾಯರ ಕಾಲದ ಹಕ್ಕನ್ನು ಗಣರಾಜ್ಯ ಮಾನ್ಯ ಮಾಡಿದೆ. ಹಳೆಯ ಕಾಲುವೆಯ ರೈತ ಎಂದರೆ ನಮ್ಮ ಸೀಮೆಯಲ್ಲಿ ಒಂಥರಾ ಜಹಗೀರದಾರ. ಮಾಮನಿಗೆ ಅಲ್ಲಿ ಒಬ್ಬ ಸಡ್ಡಕನಿದ್ದಾನೆ, ಅವನ ಎದುರು ಅವರು ನೀರಿನ ಮಾತೇ ಎತ್ತುವುದಿಲ್ಲ.

ಕಾಲುವೆಯಲ್ಲಿ ದೋಣಿ ಓಡಿಸಿ ಲಾಭ ಮಾಡುವ ಆಸೆಯೂ ಈ ಹೊಳೆಯ ಮೇಲೆ ಒಮ್ಮೆ ಹುಟ್ಟಿತ್ತು. ಗೋದಾವರಿ ಖ್ಯಾತಿಯ ಆರ್ಥರ್ ಕಾಟನ್ ರೈಲಿಗಿಂತ ಜಲಮಾರ್ಗವೇ ಅಗ್ಗ ಎಂದು ವಾದಿಸುತ್ತಿದ್ದವನು. ಅವನ ಕನಸನ್ನು ನಂಬಿ ಇಂಗ್ಲೆಂಡಿನಲ್ಲಿ ಮದ್ರಾಸ್ ನೀರಾವರಿ ಕಂಪನಿ ಹುಟ್ಟಿತು. ಬಂಡವಾಳಕ್ಕೆ ಸರ್ಕಾರದ ಬಡ್ಡಿ ಖಾತರಿ. ಕರ್ನೂಲಿನ ಮೇಲೆ ಸುಂಕೇಸುಲದಲ್ಲಿ ಒಡ್ಡು ಕಟ್ಟಿ ಕಡಪದವರೆಗೆ ಕಾಲುವೆ ತೋಡಿದರು. ನೀರೂ ಹರಿಯಲಿ, ದೋಣಿಯೂ ಹೋಗಲಿ ಎಂಬ ಯೋಚನೆ. ಅಲ್ಲಿಯ ರೈತರು ಎರೆಭೂಮಿಯಲ್ಲಿ ಮಳೆಗೆ ಜೋಳ ಬೆಳೆದುಕೊಂಡು ಹಾಯಾಗಿದ್ದರು. ದುಡ್ಡು ಕೊಟ್ಟು ನೀರು ಕೊಳ್ಳಿ ಎಂದರೆ ಒಲ್ಲೆ ಎಂದರು. ಕಂಪನಿ ಮುಳುಗಿತು, 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು. ನೀರು ಬೇಡ ಎಂದ ರೈತರೂ ಒಂದು ಕಾಲದಲ್ಲಿ ಇದ್ದರು ಎಂದು ಮಾಮನಿಗೆ ಹೇಳಿದೆ. ನಂಬಲಿಲ್ಲ. ‘ಪುಸ್ತಕದವರು ಏನ ಬೇಕಾದ್ದು ಬರೀತಾರ’ ಎಂದರು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಂದು ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಮೂರು ನಾಲ್ಕು ಜಿಲ್ಲೆಗಳ ಬೆಳೆ ಕಣ್ಣೆದುರೇ ಹೊಳೆಗುಂಟ ಕೆಳಗೆ ಹೋಯಿತು. ಮಾಮ ಫೋನು ಮಾಡಿದರು, ಆದರೆ ಮಾತಾಡಲಿಲ್ಲ. ವಯಸ್ಸಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿಸಿದ ಸುದ್ದಿಯನ್ನು ಇಡೀ ಎಡದಂಡೆ ಕ್ರಿಕೆಟ್ ಫೈನಲ್ಲಿನಂತೆ ನೋಡಿತು. ಆಮೇಲೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಎಪ್ಪತ್ತು ವರ್ಷ ಕೆಲಸ ಮಾಡಿದ ಗೇಟಿಗೆ ಯಾರೂ ಮೊದಲು ಗಮನ ಕೊಡಲಿಲ್ಲ; ಬಾಗಿನ ಕೊಡಲು ಬಂದವರ ಕಣ್ಣು ನೀರಿನ ಮೇಲೆ, ಕ್ಯಾಮೆರಾದ ಮೇಲೆ.

ಹೂಳಿಗೆ ಬದಲಾಗಿ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ಬಹಳ ವರ್ಷದಿಂದ ಇದೆ. ಕಟ್ಟಲಿ. ಆದರೆ ಅದಕ್ಕೂ ಮೊದಲು ಅಗ್ಗದ ಕೆಲಸಗಳಿವೆ: ಗೇಟಿಗೆ ಎಣ್ಣೆ ಗ್ರೀಸು, ಕಾಲುವೆಯ ಹೂಳು ಮತ್ತು ಜಾಲಿ ತೆಗೆಸುವುದು, ಲಸ್ಕರ್ ಕೆಲಸಕ್ಕೆ ಸಾಕಷ್ಟು ಜನ, ಅವರಿಗೆ ತಿಂಗಳು ತಿಂಗಳು ಸಂಬಳ, ಮೇಲ್ಭಾಗದ ಅಕ್ರಮ ಪೈಪುಗಳ ತೆರವು. ಅಧಿಕಾರಿಗಳು ಮನಸ್ಸು ಮಾಡಿದರೆ ಪೈಪುಗಳನ್ನು ಹುಡುಕುತ್ತ ಅಲೆಯಬೇಕಾಗಿಲ್ಲ. ಎಲ್ಲೆಲ್ಲಿ ಎಷ್ಟು ಇಂಚಿನ ಪೈಪು ಇದೆ ಎಂದು ನಮ್ಮ ಮಾಮ ಮೈಲುವಾರು ಬರೆದಿಟ್ಟಿದ್ದಾರೆ. ಪಟ್ಟಿ ನಮ್ಮೂರಿನಿಂದಲೇ ಶುರುವಾಗುತ್ತದೆ.